ಕಲ್ನಾರಿನ ಧೂಳು, ವಿಜ್ಞಾನಿಯ ಉಪ್ಪಿನ ಋಣ

ನಮ್ಮ ತಾತ ಊರಿನ ಜಮೀನ್ದಾರರೊಬ್ಬರ ಮನೆಯಲ್ಲಿ ಜೀತಕ್ಕಿದ್ದ. ಮದುವೆಗೆಂದು ತಂದ ಸಾಲ ಎಷ್ಟು, ತೀರಿದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದೆಲ್ಲ ಒಂದು ಪುಸ್ತಕದಲ್ಲಿತ್ತು. ಆ ಪುಸ್ತಕ ಬರೆಯುತ್ತಿದ್ದವನು ಸಾಲ ಕೊಟ್ಟವನೇ. ಓದಿ ಹೇಳುತ್ತಿದ್ದವನೂ ಅವನೇ. ತಾತನ ಪಾಲಿಗೆ ಇದ್ದದ್ದು ಹೆಬ್ಬೆಟ್ಟು ಮಾತ್ರ. "ಸುಳ್ಳು ಲೆಕ್ಕ ಬರೆದ ಅಂತ ನಾನು ಹೇಳಲ್ಲ ಕಣ್ಮಗ. ಏನು ಬರೆದ ಅಂತಲೇ ನಂಗೆ ಗೊತ್ತಾಗಲಿಲ್ಲವಲ್ಲ" ಅಂತ ಸಾಯುವ ತನಕ ಹೇಳ್ತಿದ್ದ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಪುರಾಣವನ್ನು ಪ್ರಶ್ನಿಸಬೇಕು, ಶಾಸ್ತ್ರವನ್ನು ಪ್ರಶ್ನಿಸಬೇಕು ಎಂದು ಚಳುವಳಿ ನನಗೆ ಕಲಿಸಿತು. ವಿಜ್ಞಾನ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತದೆ ಎಂದು ಕಾಲೇಜು ಕಲಿಸಿತು. ಆ ಮಾತು ಸುಳ್ಳಲ್ಲ. ಆದರೆ ಹಾಗೆ ಪ್ರಶ್ನಿಸಿಕೊಳ್ಳಲು ವಿಜ್ಞಾನ ಎಷ್ಟು ವರ್ಷ ತೆಗೆದುಕೊಳ್ಳುತ್ತದೆ, ಅಷ್ಟರೊಳಗೆ ಯಾರ ಹೆಣ ಬೀಳುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. "ಸಂಶೋಧನಾ ಪತ್ರಿಕೆಯಲ್ಲಿ ಬಂದಿದೆ" ಅಂದರೆ ಸಾಕು, ನಾವು ಕೈಕಟ್ಟಿ ನಿಲ್ಲುತ್ತಿದ್ದೆವು. ಆ ಪತ್ರಿಕೆಯ ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು ಎಂದು ಕೇಳುವ ಬುದ್ಧಿ ನನಗೆ ಬಂದದ್ದು ಕಲ್ನಾರಿನ ಚರಿತ್ರೆ ಓದಿದ ಮೇಲೆ.

ಕಲ್ನಾರು ಅಂದರೆ ಆಸ್ಬೆಸ್ಟಾಸ್. ಬಂಡೆಯಿಂದ ತೆಗೆದು ಹತ್ತಿಯಂತೆ ಬಿಡಿಸಬಹುದಾದ ನಾರು. ಬೆಂಕಿ ಹತ್ತುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ ಬಂಡೆಗಳಲ್ಲೂ ಅದು ಇದೆ. ಅದನ್ನು ಸಿಮೆಂಟಿಗೆ ಬೆರೆಸಿ ಒತ್ತಿದರೆ ನಮ್ಮ ಜನ 'ಶೀಟು' ಅನ್ನುತ್ತಾರಲ್ಲ, ಆ ಶೀಟಾಗುತ್ತದೆ. ಹುಲ್ಲಿನ ಗುಡಿಸಲು ಹೋಗಿ ಶೀಟಿನ ಮನೆ ಬಂತು ಅಂದರೆ ನಮ್ಮ ಕೇರಿಯಲ್ಲಿ ಅದೊಂದು ಏಳಿಗೆ. ನಾನು ಹುಟ್ಟಿದ್ದು ಅದರ ಕೆಳಗೆ, ಓದಿದ ಶಾಲೆಗೂ ಅದೇ ಮಾಡು, ಹಾಸ್ಟೆಲಿಗೂ ಅದೇ ಮಾಡು. ಆ ನಾರಿನ ಧೂಳು ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ಮೇಲೆ ಉಸಿರು ಕಟ್ಟಿಸುತ್ತದೆ, ಕ್ಯಾನ್ಸರ್ ತರುತ್ತದೆ. ಇದು ಇವತ್ತು ತಿಳಿದ ಮಾತು. ಇದನ್ನು ಲೋಕ ತಿಳಿಯದಂತೆ ಹೇಗೆ ತಡೆದರು ಎಂಬುದೇ ಈ ಲೇಖನದ ವಿಷಯ.

ಮೊದಲು ಈ ಸಂಶೋಧನಾ ಪತ್ರಿಕೆಗಳ ಕೆಲಸ ಹೇಗೆ ನಡೆಯುತ್ತದೆ ಅಂತ ನೋಡೋಣ. ವಿಜ್ಞಾನಿ ತಾನು ಕಂಡದ್ದನ್ನು ಬರೆದು ಸಂಪಾದಕರಿಗೆ ಕಳಿಸುತ್ತಾನೆ. ಸಂಪಾದಕರು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಓದಲು ಕೊಡುತ್ತಾರೆ. ಅವರು ತಪ್ಪು ಎತ್ತಿ ತೋರಿಸುತ್ತಾರೆ, ತಿದ್ದಿಸುತ್ತಾರೆ, ಇಲ್ಲವೇ ಬೇಡ ಅನ್ನುತ್ತಾರೆ. ಹಾಗೆ ದಾಟಿ ಬಂದದ್ದು ಅಚ್ಚಾಗುತ್ತದೆ. ಅಚ್ಚಾದದ್ದನ್ನು ಸರ್ಕಾರಗಳು ನಂಬುತ್ತವೆ, ನ್ಯಾಯಾಲಯಗಳು ನಂಬುತ್ತವೆ, ಕಾರ್ಖಾನೆಯ ಡಾಕ್ಟರು ನಂಬುತ್ತಾನೆ. ಈ ಏರ್ಪಾಡಿನಲ್ಲಿ ಬರೆಯುವವನು, ಪರಿಶೀಲಿಸುವವನು, ಅಚ್ಚು ಮಾಡುವವನು ಮೂವರಿಗೂ ಒಂದೊಂದು ಹೊಟ್ಟೆ ಇದೆ. ಸತ್ಯ ಹೇಳುವ ಕರ್ತವ್ಯ ಒಂದು ಕಡೆಗೆ ಎಳೆದರೆ ಅನ್ನ ಕೊಟ್ಟ ಕೈ ಇನ್ನೊಂದು ಕಡೆಗೆ ಎಳೆಯುತ್ತದೆ. ಇದನ್ನೇ ವಿದ್ವಾಂಸರು 'ಹಿತಾಸಕ್ತಿಗಳ ಸಂಘರ್ಷ' ಎಂದು ಕರೆಯುತ್ತಾರೆ. ನಮ್ಮ ಹಳ್ಳಿಯ ಭಾಷೆಯಲ್ಲಿ ಉಪ್ಪಿನ ಋಣ.

ಗಮನಿಸಿ, ಋಣ ಇದ್ದವನೆಲ್ಲ ಸುಳ್ಳುಗಾರ ಅಂತ ಅರ್ಥವಲ್ಲ. ಗೌಡರ ಮನೆಯಲ್ಲಿ ಉಂಡ ಪಂಚನೂ ಒಮ್ಮೊಮ್ಮೆ ನ್ಯಾಯ ಹೇಳಬಹುದು. ಆದರೆ ಉಂಡದ್ದು ನಮಗೆ ತಿಳಿದಿರಬೇಕೋ ಬೇಡವೋ? ಉಂಡವನು ಆ ದಿನ ಕಟ್ಟೆಯ ಮೇಲೆ ಕೂರಬೇಕೋ ಬೇಡವೋ? ಪ್ರಶ್ನೆ ಇಷ್ಟೇ. ಈ ಎರಡು ಪ್ರಶ್ನೆಯನ್ನು ಕೇಳುವುದಕ್ಕೆ ವಿಜ್ಞಾನದ ಪತ್ರಿಕೆಗಳು ಬಹಳ ಕಾಲ ತೆಗೆದುಕೊಂಡವು.

* * *

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಲ್ಲಿ ನೆಲ್ಲಿ ಕೆರ್ಷಾ ಎಂಬ ಹೆಂಗಸಿದ್ದಳು. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು ಗಿರಣಿಗೆ ಸೇರಿದಳು. ಮುಂದೆ ಟರ್ನರ್ ಬ್ರದರ್ಸ್ ಎಂಬ ಕಲ್ನಾರು ಕಂಪನಿಯಲ್ಲಿ ನೂಲು ತೆಗೆಯುವ ಕೆಲಸ. 29ನೇ ವಯಸ್ಸಿಗೆ ಉಬ್ಬಸ ಶುರುವಾಯಿತು. 1924ರ ಮಾರ್ಚಿನಲ್ಲಿ, 33ನೇ ವಯಸ್ಸಿಗೆ ಸತ್ತಳು. ಕಲ್ನಾರಿನ ಕಾಯಿಲೆ ಪರಿಹಾರದ ಪಟ್ಟಿಯಲ್ಲಿಲ್ಲ ಎಂದು ಕಂಪನಿ ಒಂದು ಕಾಸೂ ಕೊಡಲಿಲ್ಲ. ಮಣ್ಣಿಗೆ ಹಾಕುವ ಖರ್ಚಿಗೂ ಇಲ್ಲ ಎಂದಿತು. ಇವಳಿಗೆ ಕೊಟ್ಟರೆ ನಾಳೆ ಇನ್ನೊಬ್ಬರು ಬರುತ್ತಾರಲ್ಲ. ಕಲ್ಲಿಲ್ಲದ, ಹೆಸರಿಲ್ಲದ ಗುಣಿಯಲ್ಲಿ ಅವಳನ್ನು ಹೂಳಿದರು.

ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಡಾ. ಡಬ್ಲ್ಯು. ಇ. ಕುಕ್. ಅದೇ 1924ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರು ಬರೆದರು: ಧೂಳಿನ ಚೂರುಗಳು ಒಳಗಿವೆ, ಶ್ವಾಸಕೋಶ ಗಟ್ಟಿಯಾಗಿ ಕಲೆಗಟ್ಟಿದೆ. ಕಾಯಿಲೆಗೆ ಆಮೇಲೆ ಆಸ್ಬೆಸ್ಟೋಸಿಸ್ ಎಂದು ಹೆಸರಾಯಿತು. ಇಲ್ಲಿ ಪತ್ರಿಕೆ ತನ್ನ ಕೆಲಸ ಮಾಡಿತು. ಕೂಲಿ ಹೆಂಗಸಿನ ಎದೆಯೊಳಗಿನ ಸತ್ಯವನ್ನು ಲೋಕದ ಮುಂದಿಟ್ಟಿತು. ಅದರ ಬೆನ್ನಿಗೆ ಬ್ರಿಟಿಷ್ ಸರ್ಕಾರದ ಪರವಾಗಿ ಮೆರಿವೆದರ್ ಮತ್ತು ಪ್ರೈಸ್ ಎಂಬಿಬ್ಬರು 363 ಕೆಲಸಗಾರರನ್ನು ಪರೀಕ್ಷಿಸಿ 1930ರಲ್ಲಿ ವರದಿ ಕೊಟ್ಟರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕಾಯಿಲೆ ಇತ್ತು. 1931ರಲ್ಲಿ ಧೂಳಿನ ಬಗ್ಗೆ ಕಾನೂನು ಬಂತು.

ಕಂಪನಿಗಳಿಗೆ ಆಗಲೇ ಅರ್ಥವಾಯಿತು. ಅಚ್ಚಾದರೆ ಕಾನೂನಾಗುತ್ತದೆ, ಕಾನೂನಾದರೆ ಪರಿಹಾರ ಕೊಡಬೇಕಾಗುತ್ತದೆ. ಹಾಗಾದರೆ ಹಿಡಿಯಬೇಕಾದದ್ದು ಅಚ್ಚಿನ ಮನೆಯ ಬಾಗಿಲನ್ನು.

ಅಮೆರಿಕದಲ್ಲಿ ಈ ಬಾಗಿಲು ಹಿಡಿಯುವ ಕೆಲಸ ಬಹಳ ಅಚ್ಚುಕಟ್ಟಾಗಿ ನಡೆಯಿತು. ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿಯ ಡಾ. ಲಾಂಜಾ ಮತ್ತು ಅವರ ಜೊತೆಗಾರರು 126 ಕಲ್ನಾರು ಕೆಲಸಗಾರರ ಎದೆಯ ಎಕ್ಸ್‌ರೇ ತೆಗೆದಿದ್ದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಯಿಲೆ ಕಂಡಿತ್ತು. ಅಧ್ಯಯನ ಮುಗಿದದ್ದು 1931ರ ಹೊತ್ತಿಗೆ. ಪಬ್ಲಿಕ್ ಹೆಲ್ತ್ ರಿಪೋರ್ಟ್ಸ್ ಎಂಬ ಪತ್ರಿಕೆಯಲ್ಲಿ ಅಚ್ಚಾದದ್ದು 1935ರ ಜನವರಿಯಲ್ಲಿ. ಅಚ್ಚಿಗೆ ಮುಂಚೆ ಕರಡು ಪ್ರತಿ ಜಾನ್ಸ್-ಮ್ಯಾನ್ವಿಲ್ ಎಂಬ ದೊಡ್ಡ ಕಲ್ನಾರು ಕಂಪನಿಯ ವಕೀಲರ ಮೇಜಿನ ಮೇಲಿತ್ತು. ಡಾಕ್ಟರ ಬರಹವನ್ನು ವಕೀಲರು ತಿದ್ದಿದರು! ಸಿಲಿಕಾ ಧೂಳಿನ ಕಾಯಿಲೆಗಿಂತ ಇದು ಸೌಮ್ಯವಾದದ್ದು ಎಂಬರ್ಥದ ಮಾತು ಸೇರಬೇಕೆಂದು ಅವರು ಕೇಳಿದರು. ಆ ಮಾತು ಅಚ್ಚಿನಲ್ಲಿ ಬಂತು. ನ್ಯಾಯಾಲಯದಲ್ಲಿ ಪರಿಹಾರದ ದಾವೆ ಬಂದಾಗ ಕಂಪನಿಗೆ ಬೇಕಾಗಿದ್ದದ್ದೇ ಅದು. ಹೊರಗಿನಿಂದ ಓದಿದವರಿಗೆ ಅದು ವಿಜ್ಞಾನ.

ಅದೇ 1935ರ ಇನ್ನೊಂದು ಘಟನೆ. 'ಆಸ್ಬೆಸ್ಟಾಸ್' ಎಂಬ ಹೆಸರಿನ ವ್ಯಾಪಾರಿ ಪತ್ರಿಕೆಯೊಂದಿತ್ತು. ಅದರ ಸಂಪಾದಕರು ರೇಬೆಸ್ಟಾಸ್-ಮ್ಯಾನ್ಹಟನ್ ಕಂಪನಿಯ ಅಧ್ಯಕ್ಷ ಸಮ್ನರ್ ಸಿಂಪ್ಸನ್‌ಗೆ ಕಾಗದ ಬರೆದು, ಕಾಯಿಲೆಯ ವಿಷಯ ಇನ್ನು ಮೇಲಾದರೂ ಅಚ್ಚು ಮಾಡಬಹುದೇ ಎಂದು ಕೇಳಿದರು. ಇಷ್ಟು ದಿನ ನಿಮ್ಮ ಇಷ್ಟದಂತೆ ಏನನ್ನೂ ಅಚ್ಚು ಮಾಡಿಲ್ಲ ಎಂಬುದನ್ನೂ ಆ ಕಾಗದದಲ್ಲೇ ನೆನಪಿಸಿದರು. ಸಿಂಪ್ಸನ್ ಆ ಕಾಗದವನ್ನು ಜಾನ್ಸ್-ಮ್ಯಾನ್ವಿಲ್‌ನ ವಕೀಲ ವ್ಯಾಂಡಿವರ್ ಬ್ರೌನ್‌ಗೆ ಕಳಿಸಿ, ಕಲ್ನಾರಿನ ಬಗ್ಗೆ ಎಷ್ಟು ಕಡಿಮೆ ಮಾತಾಡಿದರೆ ನಮಗೆ ಅಷ್ಟು ಒಳ್ಳೆಯದು ಎಂಬ ಅಭಿಪ್ರಾಯ ಬರೆದ. ಕಾಯಿಲೆಗೆ ಪ್ರಚಾರ ಸಿಗದಿರುವುದೇ ನಮ್ಮ ಹಿತ ಎಂದು ಬ್ರೌನ್ ಒಪ್ಪಿ ಉತ್ತರಿಸಿದ. ಈ ಕಾಗದಗಳು ನಲವತ್ತಕ್ಕೂ ಹೆಚ್ಚು ವರ್ಷ ಪೆಟ್ಟಿಗೆಯಲ್ಲಿದ್ದವು. ಕಾಯಿಲೆ ಬಿದ್ದ ಕೆಲಸಗಾರರು ಹೂಡಿದ ದಾವೆಗಳಿಂದಾಗಿ 1977ರಲ್ಲಿ ಹೊರಬಿದ್ದವು. ಇಲ್ಲದಿದ್ದರೆ ಈ ಚರಿತ್ರೆ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಇದನ್ನು ಹೊರಗೆಳೆದದ್ದು ಕೂಲಿಗಳ ದಾವೆ, ಪತ್ರಿಕೆಗಳ ಪರಿಶೀಲನೆಯಲ್ಲ.

* * *

ಈಗ ಹನ್ನೊಂದು ಇಲಿಗಳ ಕಥೆ.

ನ್ಯೂಯಾರ್ಕ್ ರಾಜ್ಯದ ಸಾರನಾಕ್‌ನಲ್ಲಿ ಧೂಳಿನ ಕಾಯಿಲೆಗಳಿಗೆ ಹೆಸರಾದ ಪ್ರಯೋಗಾಲಯವಿತ್ತು. ಮುಖ್ಯಸ್ಥರು ಡಾ. ಲಿರಾಯ್ ಗಾರ್ಡ್ನರ್. 1936ರಲ್ಲಿ ಕಲ್ನಾರು ಕಂಪನಿಗಳು ಒಟ್ಟುಗೂಡಿ ಇವರ ಪ್ರಯೋಗಗಳಿಗೆ ಹಣ ಕೊಡಲು ಒಪ್ಪಿದವು. ಒಂದು ಕರಾರಿತ್ತು. ಫಲಿತಾಂಶ ಹಣ ಕೊಟ್ಟವರ ಸ್ವತ್ತು. ಅದನ್ನು ಪ್ರಕಟಿಸಬೇಕೋ ಬೇಡವೋ, ಹೇಗೆ ಪ್ರಕಟಿಸಬೇಕು ಎಂಬುದು ಅವರ ತೀರ್ಮಾನ. ಕಾಗದದಲ್ಲಿ ಬ್ರೌನ್ ಇದನ್ನು ಬರೆದ, ಗಾರ್ಡ್ನರ್ ಒಪ್ಪಿದರು. ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ನಮ್ಮ ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಈ ಕರಾರಿಗೆ ಒಪ್ಪಿದವರು ಅಕ್ಷರದ ಶಿಖರದಲ್ಲಿದ್ದವರು.

1943ರಲ್ಲಿ ಗಾರ್ಡ್ನರ್ ಕಂಪನಿಗೆ ಒಂದು ವರದಿ ಕಳಿಸಿದರು. ಉದ್ದನೆಯ ಕಲ್ನಾರಿನ ಧೂಳು ಉಸಿರಾಡಿದ 11 ಇಲಿಗಳಲ್ಲಿ 8ಕ್ಕೆ ಶ್ವಾಸಕೋಶದಲ್ಲಿ ಗೆಡ್ಡೆ ಬಂದಿತ್ತು. ಪ್ರಯೋಗದಲ್ಲಿ ಕೊರತೆಗಳಿದ್ದವು, ಇಲಿಗಳ ಸಂಖ್ಯೆ ಕಡಿಮೆ. ಗಾರ್ಡ್ನರ್ ಅವರೇ ಅದನ್ನು ಒಪ್ಪಿದ್ದರು. ಹಾಗಾಗಿಯೇ ಇನ್ನೊಂದು ಸರಿಯಾದ ಪ್ರಯೋಗ ನಡೆಸಬೇಕೆಂದು ಬೇರೆ ಕಡೆ, ಸರ್ಕಾರದ ಕ್ಯಾನ್ಸರ್ ಸಂಸ್ಥೆಯ ಹತ್ತಿರ, ಹಣ ಕೇಳಿದರು. ಸಿಗಲಿಲ್ಲ. 1946ರಲ್ಲಿ ತೀರಿಕೊಂಡರು.

ಆಮೇಲೆ ಕಂಪನಿಗಳವರು ಸಭೆ ಸೇರಿ, ಸಾರನಾಕ್ ಕೆಲಸ ಅಚ್ಚಾಗುವಾಗ ಕ್ಯಾನ್ಸರಿನ, ಗೆಡ್ಡೆಯ ಮಾತು ಇರಕೂಡದು ಎಂದು ತೀರ್ಮಾನಿಸಿದರು. 1951ರಲ್ಲಿ ಗಾರ್ಡ್ನರ್ ಅವರ ಸ್ಥಾನಕ್ಕೆ ಬಂದ ಆರ್ಥರ್ ವೋರ್ವಾಲ್ಡ್ ಮತ್ತು ಸಹೋದ್ಯೋಗಿಗಳ ದೊಡ್ಡ ಲೇಖನ ಅಮೆರಿಕದ ಔದ್ಯೋಗಿಕ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ವರ್ಷಗಟ್ಟಲೆ ಪ್ರಯೋಗಗಳ ವಿವರ ಅದರಲ್ಲಿದೆ. ಗೆಡ್ಡೆ ಬಂದ ಎಂಟು ಇಲಿಗಳು ಮಾತ್ರ ಇಲ್ಲ.

ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಲೇಖನವನ್ನು ಎಷ್ಟೇ ಪ್ರಾಮಾಣಿಕ ಪರಿಶೀಲಕ ಓದಿದರೂ ಅವನಿಗೆ ಏನು ಸಿಗುತ್ತಿತ್ತು? ಬರೆದ ಸಾಲಿನ ತಪ್ಪು ಹಿಡಿಯಬಹುದು. ಬರೆಯದ ಸಾಲನ್ನು ಹಿಡಿಯುವುದು ಹೇಗೆ? ನಮ್ಮ ತಾತ ಹೇಳುತ್ತಿದ್ದದ್ದೂ ಇದನ್ನೇ ಅಲ್ಲವೇ? ಸುಳ್ಳು ಬರೆಯುವುದು ದಡ್ಡರ ಕೆಲಸ. ಬಲ್ಲವರು ಬರೆಯದೆ ಬಿಡುತ್ತಾರೆ. ಆ ಎಂಟು ಇಲಿಗಳು ಅಚ್ಚಾಗದೆ ಉಳಿದ ಕಾಲದಲ್ಲಿ ಹಡಗು ಕಟ್ಟುವವರು, ಕೊಳವೆಗೆ ಕಲ್ನಾರು ಸುತ್ತುವವರು, ಶೀಟು ಕೊಯ್ಯುವವರು ಆ ಧೂಳನ್ನು ಉಸಿರಾಡುತ್ತಲೇ ಇದ್ದರು.

* * *

ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು ಅಂತ ಬರೆದರೆ ಅದೂ ಅರ್ಧ ಲೆಕ್ಕವಾಗುತ್ತದೆ.

ನೆಲ್ಲಿ ಕೆರ್ಷಾ ದುಡಿದ ಅದೇ ರಾಚ್‌ಡೇಲ್ ಕಾರ್ಖಾನೆಗೆ 1950ರ ದಶಕದಲ್ಲಿ ರಿಚರ್ಡ್ ಡಾಲ್ ಬಂದರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿ ಆಗಲೇ ಹೆಸರಾಗಿದ್ದವರು. ಕರೆಸಿದ್ದು ಕಾರ್ಖಾನೆಯ ಡಾಕ್ಟರ್ ಜಾನ್ ನಾಕ್ಸ್. ಧೂಳಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ದುಡಿದ 113 ಗಂಡಸರ ಲೆಕ್ಕವನ್ನು ಡಾಲ್ ತೆಗೆದರು. ಸಾಮಾನ್ಯ ಜನರ ಲೆಕ್ಕದಲ್ಲಿ ಇವರಲ್ಲಿ ಒಬ್ಬರೂ ಪೂರ್ತಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯಬಾರದಿತ್ತು, 0.8 ಎಂದು ಲೆಕ್ಕ. ಸತ್ತವರು 11. ಪ್ರಕಟಿಸಬೇಡಿ ಎಂದು ಕಂಪನಿ ಒತ್ತಾಯ ಹಾಕಿತು. ನಾಕ್ಸ್ ಹೆಸರು ಲೇಖಕರಲ್ಲಿ ಬರಲಿಲ್ಲ; ಉಪ್ಪು ತಿಂದ ಮನೆ ಅದು. ಡಾಲ್ ತಮ್ಮೊಬ್ಬರ ಹೆಸರಲ್ಲೇ ಕಳಿಸಿದರು. 1955ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಇಂಡಸ್ಟ್ರಿಯಲ್ ಮೆಡಿಸಿನ್ ಅಚ್ಚು ಮಾಡಿತು. ಲೇಖಕ ಬಗ್ಗಲಿಲ್ಲ, ಪತ್ರಿಕೆಯೂ ಬಗ್ಗಲಿಲ್ಲ. 1960ರಲ್ಲಿ ದಕ್ಷಿಣ ಆಫ್ರಿಕದ ವಾಗ್ನರ್ ಮತ್ತು ಜೊತೆಗಾರರು ಅದೇ ಪತ್ರಿಕೆಯಲ್ಲಿ 33 ಜನರ ವಿವರ ಕೊಟ್ಟು, ಎದೆಯ ಒಳಪೊರೆಗೆ ಬರುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರಿಗೂ ಕಲ್ನಾರಿಗೂ ಸಂಬಂಧ ತೋರಿಸಿದರು. ಅವರಲ್ಲಿ ಗಣಿಗಳ ಹತ್ತಿರ ಸುಮ್ಮನೆ ವಾಸವಿದ್ದವರೂ ಇದ್ದರು.

ಅಮೆರಿಕದಲ್ಲಿ ಈ ಮೌನ ಒಡೆದದ್ದು ಹೇಗೆ ಎಂಬುದನ್ನು ನಮ್ಮ ಸಂಘಟನೆಗಳವರು ಮುಖ್ಯವಾಗಿ ಗಮನಿಸಬೇಕು. ಇರ್ವಿಂಗ್ ಸೆಲಿಕಾಫ್ ಎಂಬ ಡಾಕ್ಟರ್ ಕಂಪನಿಯ ದಾಖಲೆಗಳನ್ನು ನಂಬಿ ಕೂರಲಿಲ್ಲ. ಕೊಳವೆಗೆ ಕಲ್ನಾರು ಸುತ್ತುವ ಕೆಲಸಗಾರರ ಸಂಘದ ಬಳಿ ಹೋದರು. ಸಂಘದ ಸದಸ್ಯರ ಪಟ್ಟಿ ಇತ್ತಲ್ಲ, ಯಾವಾಗ ಸೇರಿದ, ಯಾವಾಗ ಸತ್ತ ಎಂಬ ಲೆಕ್ಕ, ಅದನ್ನು ಹಿಡಿದರು. 1942ರ ಕೊನೆಗೆ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ಪಟ್ಟಿಯಲ್ಲಿದ್ದ 632 ಜನ ಆಮೇಲೆ ಏನಾದರು ಎಂದು ಒಬ್ಬೊಬ್ಬರನ್ನೇ ಹುಡುಕಿದರು. ಶ್ವಾಸಕೋಶ ಮತ್ತು ಅದರ ಪೊರೆಯ ಕ್ಯಾನ್ಸರಿನಿಂದ ಆರೇಳು ಜನ ಸಾಯಬಹುದೆಂದು ಲೆಕ್ಕ, ಸತ್ತವರು 45. 1964ರಲ್ಲಿ ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲಿ ಇದು ಬಂತು. ಆಮೇಲೆ ಅಲ್ಲಗಳೆಯುವುದು ಕಷ್ಟವಾಯಿತು. ಸಾವಿರಾರು ದಾವೆಗಳು ಬಿದ್ದು, 1982ರಲ್ಲಿ ಜಾನ್ಸ್-ಮ್ಯಾನ್ವಿಲ್ ದಿವಾಳಿ ಅರ್ಜಿ ಹಾಕಿತು.

ಈ ಸಲ ಲೆಕ್ಕದ ಪುಸ್ತಕ ಕೂಲಿಗಳ ಸಂಘದ ಕೈಯಲ್ಲಿತ್ತು. ಆದರೆ ಒಂದು ಮಾತು ನಾವು ಮುಚ್ಚಿಡಕೂಡದು. ಸಂಘದ ಜೊತೆ ಸೇರಿ ನಡೆಸಿದ ಅಧ್ಯಯನಕ್ಕೆ ಸಂಘದ ಋಣವೂ ಇರುತ್ತದೆ. ಅದನ್ನೂ ಬರೆದುಕೊಳ್ಳಬೇಕು, ಅದರ ಲೆಕ್ಕವನ್ನೂ ಬೇರೆಯವರು ಪರೀಕ್ಷಿಸಬೇಕು. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಹಣದಿಂದ ನಡೆದ ಅಧ್ಯಯನಗಳು ಅದೇ ಮಾತು ಹೇಳಿದ್ದರಿಂದಲೇ ಕಲ್ನಾರಿನ ಸತ್ಯ ಗಟ್ಟಿಯಾಗಿ ನಿಂತಿತು. ನಮ್ಮವರ ಪರ ಎಂದ ಮಾತ್ರಕ್ಕೆ ರಿಯಾಯಿತಿ ಕೇಳಿದರೆ ನಾವೂ ಶಾನುಭೋಗರಾಗುತ್ತೇವೆ.

ಇನ್ನೊಂದು ಕಹಿ. ಕಂಪನಿಗೆ ಬಗ್ಗದ ರಿಚರ್ಡ್ ಡಾಲ್ ಇದ್ದರಲ್ಲ, ಅವರು 2005ರಲ್ಲಿ ತೀರಿಕೊಂಡರು. ಮರುವರ್ಷ ಒಂದು ಸುದ್ದಿ ಹೊರಬಂತು. 1980ರ ದಶಕದಲ್ಲಿ ಅವರು ಮಾನ್ಸಾಂಟೊ ಎಂಬ ರಾಸಾಯನಿಕ ಕಂಪನಿಯಿಂದ ಸಲಹೆಗಾರರಾಗಿ ದಿನಕ್ಕೆ 1,500 ಡಾಲರ್ ಪಡೆಯುತ್ತಿದ್ದರು; ರಾಸಾಯನಿಕಗಳ ಬಗ್ಗೆ ಅಭಿಪ್ರಾಯ ಕೊಡುವಾಗ ಅದನ್ನು ಹೇಳಿರಲಿಲ್ಲ. ಆ ಕಾಲದಲ್ಲಿ ಹೇಳುವ ರೂಢಿ ಇರಲಿಲ್ಲ ಎಂದು ಅವರ ಗೆಳೆಯರು ವಾದಿಸಿದರು. ಇದನ್ನು ಓದಿದ ದಿನ ನನಗೆ ಬೇಸರವಾಯಿತು. ಆಮೇಲೆ ಅನ್ನಿಸಿತು, ಇದೇ ಸರಿಯಾದ ಪಾಠ. ವ್ಯಕ್ತಿಪೂಜೆ ನಮಗೆ ಬೇಡ. ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಭಾರ ಹಾಕಿ ಕೂರುವುದಕ್ಕಿಂತ, ಒಳ್ಳೆಯವನಿಗೂ ಕೆಟ್ಟವನಿಗೂ ಒಂದೇ ನಿಯಮ ಇರುವುದು ಮೇಲು.

* * *

ನಿಯಮ ಯಾವಾಗ ಬಂತು?

1978ರಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದರು. ಅದೇ ಬೆಳೆದು ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಯಿತು. ಮೊದಲಿಗೆ ಅವರ ಚಿಂತೆ ಹಸ್ತಪ್ರತಿ ಹೇಗಿರಬೇಕು ಎಂಬುದಷ್ಟೇ. 1984ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಸಂಪಾದಕ ಅರ್ನಾಲ್ಡ್ ರೆಲ್ಮನ್, ಲೇಖಕರು ತಮ್ಮ ಹಣದ ಸಂಬಂಧಗಳನ್ನು ಪತ್ರಿಕೆಗೆ ತಿಳಿಸಬೇಕೆಂಬ ಕ್ರಮ ತಂದರು. ಅಂದರೆ ನೆಲ್ಲಿ ಕೆರ್ಷಾ ಸತ್ತು 60 ವರ್ಷವಾಗಿತ್ತು. ಅದೇ ಪತ್ರಿಕೆ 1990ರಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಔಷಧಿಗಳನ್ನು ತೂಗಿ ನೋಡುವ ವಿಮರ್ಶಾ ಲೇಖನ, ಸಂಪಾದಕೀಯಗಳನ್ನು ಆ ಕಂಪನಿಗಳಲ್ಲಿ ಹಣದ ಹಿತ ಇರುವವರು ಬರೆಯಕೂಡದು ಎಂದಿತು. 2002ರಲ್ಲಿ ಅದನ್ನು ಸಡಿಲಿಸಿತು. 'ಗಣನೀಯ' ಹಿತ ಇದ್ದರೆ ಮಾತ್ರ ಬೇಡ, ವರ್ಷಕ್ಕೆ 10,000 ಡಾಲರ್ ತನಕ ಪರವಾಗಿಲ್ಲ ಎಂದಿತು. ಋಣವಿಲ್ಲದ ತಜ್ಞರೇ ಸಿಗುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇಕೇ?

2001ರಲ್ಲಿ ಆ ಸಂಪಾದಕರ ಸಮಿತಿ ಒಟ್ಟಾಗಿ ಒಂದು ಹೇಳಿಕೆ ಹೊರಡಿಸಿತು. ಹಣ ಕೊಟ್ಟವರೊಬ್ಬರ ಕೈಯಲ್ಲೇ ಅಂಕಿಅಂಶ ಇರುವ, ಪ್ರಕಟಣೆ ತಡೆಯುವ ಹಕ್ಕು ಅವರಿಗೇ ಇರುವ ಅಧ್ಯಯನಗಳನ್ನು ತಾವು ಪರಿಶೀಲಿಸುವುದೂ ಇಲ್ಲ, ಪ್ರಕಟಿಸುವುದೂ ಇಲ್ಲ ಎಂದಿತು. 1936ರಲ್ಲಿ ಸಾರನಾಕ್‌ಗೆ ಹಾಕಿದ ಕರಾರು ನೆನಪಿಗೆ ಬರಲಿಲ್ಲವೇ? ಆ ಒಂದು ಕರಾರು ತಪ್ಪು ಎಂದು ಸಂಪಾದಕರು ಒಟ್ಟಾಗಿ ಹೇಳುವುದಕ್ಕೆ 65 ವರ್ಷ ಬೇಕಾಯಿತು. 2005ರಿಂದ, ಮನುಷ್ಯರ ಮೇಲೆ ನಡೆಸುವ ಚಿಕಿತ್ಸಾ ಪ್ರಯೋಗಗಳನ್ನು ಶುರುವಿನಲ್ಲೇ ನೋಂದಾಯಿಸಿರಬೇಕು, ಇಲ್ಲದಿದ್ದರೆ ಪ್ರಕಟಿಸುವುದಿಲ್ಲ ಎಂದರು. ಇಷ್ಟು ಜನರ ಮೇಲೆ ಪ್ರಯೋಗ ನಡೆಸುತ್ತೇವೆ ಎಂದು ಮುಂಚೆಯೇ ಬರೆಸಿದರೆ ಆಮೇಲೆ ಕೆಲವರನ್ನು ಮಾಯ ಮಾಡುವುದು ಕಷ್ಟ ಎಂಬ ಲೆಕ್ಕ. ನಮ್ಮ ದೇಶದಲ್ಲೂ 2007ರಲ್ಲಿ ಅಂಥ ನೋಂದಣಿ ಶುರುವಾಗಿ 2009ರಲ್ಲಿ ಕಡ್ಡಾಯವಾಯಿತು. ಪ್ರಯೋಗಾಲಯದ ಇಲಿಗಳಿಗೆ ಈ ನಿಯಮವಿಲ್ಲ. 2009ರಲ್ಲಿ ಸಮಿತಿ ಎಲ್ಲ ಲೇಖಕರೂ ತುಂಬಬೇಕಾದ ಒಂದೇ ಬಗೆಯ ಘೋಷಣಾ ಅರ್ಜಿ ತಂದಿತು.

ಇವತ್ತು ಲೇಖನದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಪ್ಯಾರಾ ಇರುತ್ತದೆ: ಯಾರಿಂದ ಹಣ ಬಂತು, ಯಾರಿಗೆ ಯಾವ ಕಂಪನಿಯ ಸಂಬಂಧ. ಅದು ಸಣ್ಣ ಸಾಧನೆಯೇನಲ್ಲ. ಹಾಗಂತ ಘೋಷಣೆ ಮಾಡಿದ ಕೂಡಲೇ ಪಾಪ ತೊಳೆದುಹೋಯಿತು ಎನ್ನಲಾಗದು. ಗಂಗೆಯಲ್ಲಿ ಮುಳುಗಿ ಎದ್ದವರ ಕಥೆ ನಮಗೆ ಗೊತ್ತಿಲ್ಲವೇ? ಪಂಚಾಯ್ತಿ ಕಟ್ಟೆಯ ಮೇಲೆ ಕೂತವನು "ನಾನು ಗೌಡರ ಉಪ್ಪು ತಿಂದವನು ಕಣ್ರಪ್ಪ" ಎಂದು ಹೇಳಿ, ಆಮೇಲೆ ಗೌಡರ ಕಡೆಯೇ ತೀರ್ಪು ಕೊಟ್ಟರೆ ನಮಗೆ ಬಂದದ್ದೇನು? ಹೇಳುವುದು ಮೊದಲ ಹೆಜ್ಜೆ. ಕಟ್ಟೆಯಿಂದ ಇಳಿಯುವುದು ಎರಡನೆಯದು. ಸಂಬಂಧ ಇರುವ ಸಂಪಾದಕ, ಪರಿಶೀಲಕ ಆ ಹಸ್ತಪ್ರತಿಯನ್ನು ಮುಟ್ಟಬಾರದು. ಮೂರನೆಯದು, ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿರಬೇಕು. ಅಂಕಿಅಂಶವನ್ನು ಬೇರೆಯವರು ಮತ್ತೆ ಎಣಿಸುವಂತಿರಬೇಕು.

* * *

ಈಗ ನಮ್ಮ ಮಾಡಿನ ಕೆಳಗೆ ಬರೋಣ.

ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ದಶಕಗಳಿಂದ ಹೇಳುತ್ತಿದೆ. 60ಕ್ಕೂ ಹೆಚ್ಚು ದೇಶಗಳು ನಿಷೇಧಿಸಿವೆ. ಬ್ರಿಟನ್ 1999ರಲ್ಲಿ, ಗಣಿ ತೋಡಿ ಲೋಕಕ್ಕೆಲ್ಲ ಮಾರುತ್ತಿದ್ದ ಕೆನಡಾ ಕೂಡ 2018ರಲ್ಲಿ. ಭಾರತದಲ್ಲಿ 1986ರಿಂದ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿದರು, ಆದರೆ ಬಿಳಿ ಕಲ್ನಾರು ಹೊರದೇಶದಿಂದ ಬರುತ್ತಲೇ ಇದೆ, ಶೀಟಾಗುತ್ತಲೇ ಇದೆ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕೆಲಸಗಾರರ ಮೊಕದ್ದಮೆಯಲ್ಲಿ, ಕಾರ್ಮಿಕನ ಆರೋಗ್ಯ ಅವನ ಬದುಕುವ ಮೂಲಭೂತ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು 40 ವರ್ಷ ಕಾಪಾಡಬೇಕು ಎಂದೂ ಹೇಳಿತು. ಮತ್ತೆ ನೋಡಿ, ದಾಖಲೆಯ ಪ್ರಶ್ನೆಯೇ.

2000ರ ದಶಕದಲ್ಲಿ ಬಿಳಿ ಕಲ್ನಾರನ್ನು ಅಪಾಯವಿಲ್ಲದೆ ಬಳಸಬಹುದೇ ಎಂದು ನೋಡಲು ಕೇಂದ್ರ ಸರ್ಕಾರದ ರಾಸಾಯನಿಕ ಇಲಾಖೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಒಂದು ಅಧ್ಯಯನ ವಹಿಸಿತು. ಅದರ ಖರ್ಚಿನ ಒಂದು ಪಾಲು ಕಲ್ನಾರು ಸಿಮೆಂಟ್ ತಯಾರಕರ ಸಂಘದಿಂದಲೇ ಬಂತು. ಕಾರ್ಮಿಕರ ಪರ, ಪರಿಸರದ ಪರ ಇರುವ ಸಂಘಟನೆಗಳು ಇದನ್ನು ಪ್ರಶ್ನಿಸಿದವು. ಅಲ್ಲಿನ ವಿಜ್ಞಾನಿಗಳು ಸುಳ್ಳು ಬರೆದರು ಎಂದು ನಾನು ಹೇಳುತ್ತಿಲ್ಲ. ಸಾರನಾಕ್‌ನ ಚರಿತ್ರೆ ಕಣ್ಣ ಮುಂದಿದ್ದೂ ನಮ್ಮ ಸರ್ಕಾರ ಉಪ್ಪಿನ ಡಬ್ಬಿಯನ್ನು ಅದೇ ಕೈಯಿಂದ ಇಸಿದುಕೊಂಡಿತಲ್ಲ, ಅದನ್ನು ಹೇಳುತ್ತಿದ್ದೇನೆ.

ಶೀಟಿನ ಕೆಳಗೆ ಇರುವವರು ಇದನ್ನು ಓದಿ ಹೆದರಿ ಇವತ್ತೇ ಶೀಟು ಕಿತ್ತು ಒಡೆಯಬೇಡಿ. ಗಟ್ಟಿಯಾಗಿ ಕೂತ ಶೀಟಿನಿಂದ ಬರುವ ಧೂಳು ಕಡಿಮೆ. ಕೊಯ್ಯುವಾಗ, ತೂತು ಹೊಡೆಯುವಾಗ, ಉಜ್ಜುವಾಗ, ಒಡೆಯುವಾಗ ಅಪಾಯ ಹೆಚ್ಚು. ಆ ಕೆಲಸಕ್ಕೆ ಕರೆಯುವುದು ಯಾರನ್ನು ಅಂತ ನಾನು ಹೇಳಬೇಕೇ? ಮೂಗಿಗೆ ಟವೆಲು ಸುತ್ತಿಕೊಂಡು ಏಣಿ ಹತ್ತುವವರು ನಮ್ಮಣ್ಣ, ನಮ್ಮ ಚಿಕ್ಕಪ್ಪ. ಅವರಿಗೆ ಈ ನಾರಿನ ಹೆಸರೂ ಗೊತ್ತಿಲ್ಲ. ನಲವತ್ತು ವರ್ಷದ ಮೇಲೆ ಉಬ್ಬಸ ಬಂದರೆ "ಬೀಡಿ ಸೇದಿದ್ದಕ್ಕೆ" ಅಂತಾರೆ, ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ಹಳ್ಳಿಯ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮಲ್ಲಿ ಒಂದು ವಿನಂತಿ. "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ" ಎಂದು ಪಾಠ ಹೇಳುವಾಗ ಮಕ್ಕಳಿಗೆ ನಾಲ್ಕು ಪ್ರಶ್ನೆ ಕಲಿಸಿ. ಹಣ ಯಾರದು? ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು? ಅಚ್ಚು ಮಾಡಬೇಡ ಎನ್ನುವ ಹಕ್ಕು ಯಾರಿಗಿತ್ತು? ಬೇರೆ ಋಣದವರು ಎಣಿಸಿದಾಗಲೂ ಅದೇ ಉತ್ತರ ಬಂತೇ? ಸಂಘಟನೆಯ ಗೆಳೆಯರೇ, ನಿಮ್ಮ ಊರಿನ ಕೆಲಸಗಾರರ ಪಟ್ಟಿ ಬರೆದಿಡಿ. ಯಾರು, ಯಾವ ಕೆಲಸ, ಎಷ್ಟು ವರ್ಷ, ಯಾವ ಕಾಯಿಲೆ. ಒಂದು ನೂರು ಪುಟದ ನೋಟ್‌ಬುಕ್ಕು ಸಾಕು. ನ್ಯೂಯಾರ್ಕಿನ ಕೂಲಿ ಸಂಘದ ಬಳಿ ಇದ್ದದ್ದೂ ಅಂಥ ಒಂದು ಪಟ್ಟಿಯೇ.

ವಿಜ್ಞಾನವನ್ನು ಬಿಟ್ಟುಕೊಡಿ ಎಂದು ನಾನು ಹೇಳುವುದಿಲ್ಲ. ನೆಲ್ಲಿ ಕೆರ್ಷಾಳ ಎದೆಯಲ್ಲಿ ಏನಿತ್ತು ಎಂದು ಲೋಕಕ್ಕೆ ತೋರಿಸಿದ್ದು ವಿಜ್ಞಾನವೇ, ಅದನ್ನು ಅಚ್ಚು ಮಾಡಿದ್ದು ಒಂದು ಪತ್ರಿಕೆಯೇ. ನಮ್ಮ ತಾತನಿಗೆ ಸಾಲದ ಪುಸ್ತಕ ಓದಲು ಬರಲಿಲ್ಲ. ನಮಗೆ ಓದಲು ಬರುತ್ತದೆ. ಇನ್ನು ಮೇಲೆ ಕೊನೆಯ ಪುಟದ ಸಣ್ಣ ಅಕ್ಷರದಿಂದಲೇ ಶುರು ಮಾಡೋಣ.